ಒಂದೇ ಸಲದ ನೀರು

ಹೆಂಡತಿ ಅಳುವುದನ್ನು ನಿಲ್ಲಿಸಿದ್ದನ್ನು ಅವನು ಇನ್ನೂ ಕ್ಷಮಿಸಿರಲಿಲ್ಲ. ಅಂಗಡಿಯ ಬಾಗಿಲು ತೆಗೆದು ಗಾಜಿನ ಕಪಾಟಿನ ಧೂಳು ಒರೆಸುತ್ತಿದ್ದಾಗ, ಸಾಲಾಗಿ ಕೂತ ಖಾಲಿ ಕನ್ನಡಕಗಳು ಎಂದಿನಂತೆ ತನ್ನನ್ನೇ ದಿಟ್ಟಿಸುತ್ತಿದ್ದಾಗ, ಅವನ ಮನಸ್ಸು ಬೆಳಗಿನ ಅಡುಗೆಮನೆಗೇ ಮತ್ತೆ ಮತ್ತೆ ಹೋಗಿ ನಿಲ್ಲುತ್ತಿತ್ತು. ಅವಳು ಗುನುಗುತ್ತಿದ್ದಳು. ತುಟಿ ಮುಚ್ಚಿಕೊಂಡು, ಒಲೆಯ ಮುಂದೆ ನಿಂತು, ಸಭೆಯಲ್ಲಿ ಹಾಡುವ ಯಾವುದೋ ಕೀರ್ತನೆಯ ರಾಗವನ್ನು, ಮನೆಯಲ್ಲಿ ಯಾರೂ ಸತ್ತೇ ಇಲ್ಲವೇನೋ ಎಂಬಂತೆ. ಮಗ ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದು ಸತ್ತ ಮೊದಲ ವರ್ಷ ಇಬ್ಬರೂ ಒಟ್ಟಿಗೆ ಅತ್ತಿದ್ದರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರುಮಾಡುತ್ತಿದ್ದರು. ಮದುವೆಯಾಗಿ ಅಷ್ಟು ಕಾಲವಾದ ಮೇಲೆ ತಾವಿಬ್ಬರೂ ನಿಜವಾಗಿ ಗಂಡಹೆಂಡಿರಾದದ್ದು ಆ ವರ್ಷವೇ ಎಂದು ಅವನಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಆಮೇಲೆ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮಗು ಎದ್ದು ಓಡಾಡತೊಡಗಿತು. ಒಂದು ದಿನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವಳು ಮತ್ತೆ ಅಳಲೇ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಬಂದವನಿಗೆ ಯಾರಾದ್ರೂ ಅಳ್ತಾರೇನ್ರೀ?" ಅಂದಳು.

ಅವತ್ತಿನಿಂದ ಸಮಾಧಿಗೆ ಅವನೊಬ್ಬನೇ ಹೋಗುತ್ತಿದ್ದ. ಕಲ್ಲಿನ ಸುತ್ತ ಬೆಳೆದ ಹುಲ್ಲನ್ನು ಕಿತ್ತು ಹಾಕಿ, ಪ್ರಾರ್ಥನೆ ಮಾಡಲು ಬಾಯಿ ತೆರೆದರೆ ಮೊದಲು ಬರುತ್ತಿದ್ದುದು ಹೆಂಡತಿಯ ಮೇಲಿನ ಸಿಟ್ಟು. ಸತ್ತ ಮಗನೇ ಮೊಮ್ಮಗಳಾಗಿ ತಿರುಗಿ ಬಂದಿದ್ದಾನೆ ಎಂಬುದಕ್ಕೆ ಅವಳು ಕೊಡುವ ಸಾಕ್ಷಿಗಳನ್ನು ಅವನು ಒಂದೊಂದಾಗಿ ಮನಸ್ಸಿನಲ್ಲೇ ಹೊಸಕಿ ಹಾಕುತ್ತಿದ್ದ. ಮಗು ಅವಳನ್ನು ಅಜ್ಜಿ ಅನ್ನದೆ ಅಮ್ಮ ಅನ್ನುತ್ತದಂತೆ. ತಾಯಿ ದಿನವಿಡೀ ಅವಳನ್ನು ಅಮ್ಮಾ ಅಮ್ಮಾ ಎಂದು ಕೂಗುವುದನ್ನು ಕೇಳುವ ಮಗು ಇನ್ನೇನು ಅನ್ನಬೇಕು? ಬ್ರೆಡ್ಡಿನ ಅಂಚು ಕಿತ್ತು ಬದಿಗಿಡುತ್ತದಂತೆ, ಮಗನ ಹಾಗೇ. ಯಾವ ಮಗು ಇಡುವುದಿಲ್ಲ? ಬೆಂಕಿಕಡ್ಡಿ ಗೀರಿದರೆ ಕಣ್ಣು ಮುಚ್ಚಿಕೊಳ್ಳುತ್ತದಂತೆ, ಮಗ ವೆಲ್ಡಿಂಗ್ ಕೆಲಸದವನಾಗಿದ್ದನಲ್ಲ, ಅದಕ್ಕಂತೆ. ಇನ್ನು ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುವ ಪರಿ ಬೇರೆ: "ಬಿದ್ದಾಗ ತುಂಬಾ ನೋವಾಯ್ತಾ ಕಂದಾ? ಆಯ್ತು, ಅಲ್ವಾ?" ಮಗು ಆಯ್ತು ಅನ್ನುತ್ತದೆ. ದಿನಕ್ಕೆ ಹತ್ತು ಸಲ ಬೀಳುವ ವಯಸ್ಸು ಅದು. ಈ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆ ಒಂದು ಗಾಜು ಹಾಕಿ ತೆಗೆದು, ಇನ್ನೊಂದು ಹಾಕಿ, ಇದು ವಾಸಿಯಾ ಮೊದಲಿನದು ವಾಸಿಯಾ ಎಂದು ಕೇಳುವಾಗ ದನಿಯನ್ನು ಸ್ವಲ್ಪ ಬಾಗಿಸಿದರೆ ಸಾಕು, ಓದುಬರಹ ಕಲಿತ ದೊಡ್ಡ ಮನುಷ್ಯರೇ ಕೇಳುವವನಿಗೆ ಬೇಕಾದ ಕಡೆ ವಾಲಿಬಿಡುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಮುದುಕಿಯ ಮರುಳು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮಗುವಿನ ದೀಕ್ಷಾಸ್ನಾನ ನಾಳೆ ಎಂದು ಗೊತ್ತಾಗಿತ್ತು, ಮತ್ತು ಹೆಂಡತಿ ಕೂಡದು ಎಂದು ಕೂತಿದ್ದಳು. ಮೊದಲು ಮಗುವಿಗೆ ನೆಗಡಿ ಎಂದಳು. ಆಮೇಲೆ ಅಳಿಯ ಕೆಲಸದ ಮೇಲೆ ದೂರ ಹೋಗಿದ್ದಾನೆ, ಬರಲಿ ಎಂದಳು. ಅವನು ಬಂದು ಹೋಗಿ ಎರಡು ಸಲವಾದ ಮೇಲೆ, ಬೇರೆ ನೆವ ಉಳಿಯದೆ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: "ಅವನಿಗೆ ಆಗಿದೆಯಲ್ಲ. ದೀಕ್ಷಾಸ್ನಾನ ಅನ್ನೋದು ಒಂದೇ. ಎರಡನೇ ಸಲ ಕೊಟ್ರೆ ಮೊದಲನೇದು ಸುಳ್ಳು ಅಂದ ಹಾಗಾಯ್ತು. ಆ ಪಾಪ ನನಗೆ ಬೇಡ." ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಅವನೇ ಕಲಿಸಿದ ಮಾತು ಅದು, ಅಕ್ಷರ ಬಿಡದೆ. ಅವಳು ಸಭೆ ಬಿಟ್ಟಿದ್ದರೆ, ಇನ್ನೊಂದು ನಂಬಿಕೆಯ ಕಡೆ ಹೊರಳಿದ್ದರೆ, ಅವನ ಕೆಲಸ ಸುಲಭವಿತ್ತು. ಬಾಗಿಲು ತೋರಿಸಿ ಎದೆಯುಬ್ಬಿಸಿ ನಿಲ್ಲಬಹುದಿತ್ತು. ಅವಳು ಒಂದು ಹೆಜ್ಜೆಯನ್ನೂ ಹೊರಗೆ ಇಟ್ಟಿರಲಿಲ್ಲ. ಮೊದಲಿಗಿಂತ ಹೆಚ್ಚು ಪ್ರಾರ್ಥನೆ ಮಾಡುತ್ತಿದ್ದಳು, ಬೆಳಗಾಗೆದ್ದು ಸತ್ಯವೇದ ತೆರೆಯುತ್ತಿದ್ದಳು. ಅವನ ಮನೆಯನ್ನು ಅವನ ಇಟ್ಟಿಗೆಯಿಂದಲೇ ಬೇರೆ ಥರ ಕಟ್ಟಿ, ಬನ್ನಿ ಎಂದು ಕರೆಯುತ್ತಿದ್ದಳು.

"ಏನು ಹಿರಿಯರೇ, ಬೆಳಿಗ್ಗೆನೇ ಕನಸಾ?"

ಪಾದ್ರಿ ಒಳಗೆ ಬಂದಿದ್ದರು. ಅವನ ಮಗನಿಗಿಂತ ತುಸು ದೊಡ್ಡ ವಯಸ್ಸು, ಒಳ್ಳೆಯ ಇಸ್ತ್ರಿ, ಕೈಯಲ್ಲಿ ಕಡ್ಡಿ ಸಡಿಲವಾದ ಕನ್ನಡಕ. ಅವನು ಎದ್ದು ನಿಂತು ಕನ್ನಡಕ ತೆಗೆದುಕೊಂಡು ಸಣ್ಣ ತಿರುಪುಳಿಯನ್ನು ಹುಡುಕತೊಡಗಿದ. ಪಾದ್ರಿ ಕನ್ನಡಿಯಲ್ಲಿ ತಮ್ಮ ಬರಿಗಣ್ಣಿನ ಮುಖ ನೋಡಿಕೊಳ್ಳುತ್ತ, "ನಿಮ್ಮ ಮನೆಯವರು ನಿನ್ನೆ ನನ್ನ ಹತ್ರ ಬಂದಿದ್ರು," ಅಂದರು.

"ಏನಂದಳು, ಅಯ್ಯನವರೇ?"

"ಏನನ್ನಲಿಲ್ಲ ಅಂತ ಕೇಳಿ! ನಾನು ಸತ್ಯವೇದದಲ್ಲಿ ಬರೋ ನಿಕೊದೇಮನ ವಿಷಯ ತೆಗೆದೆ. ಮುದುಕನಾದ ಮೇಲೆ ತಿರುಗಿ ತಾಯಿ ಹೊಟ್ಟೆ ಸೇರೋಕಾಗುತ್ತಾ ಅಂತ ಅವನೇ ಕೇಳ್ತಾನಲ್ಲಮ್ಮ, ಆಗಲ್ಲ ಅಂತ ತಾನೇ ಅರ್ಥ ಅಂದೆ. ಅದಕ್ಕವರು, 'ಇವನು ತಾಯಿ ಹೊಟ್ಟೆಗೆಲ್ಲಿ ಸೇರಿದ ಅಯ್ಯನವರೇ, ಅಕ್ಕನ ಹೊಟ್ಟೆಗಲ್ವಾ' ಅಂತಾರೆ!" ಪಾದ್ರಿ ನಕ್ಕರು. ನಗುವಿಗೆ ಬೇಕಾದಷ್ಟು ಹೊತ್ತು ಕೊಟ್ಟು, ಆಮೇಲೆ ನಿಲ್ಲಿಸಿ ದನಿ ತಗ್ಗಿಸಿದರು. "ನೋಡಿ, ನಾನು ನಗ್ತೀನಿ, ಬಿಟ್ಬಿಡ್ತೀನಿ. ಜನ ಬಿಡಲ್ಲ. ಸ್ವಂತ ಮನೆ ಹತೋಟಿಯಲ್ಲಿ ಇಟ್ಕೊಳ್ಳದವರು ಸಭೆಗೆ ಎಂಥ ಹಿರಿಯರು ಅಂತ ಆಡ್ಕೊಳ್ತಿದ್ದಾರೆ. ನಾಳೆ ದೀಕ್ಷಾಸ್ನಾನ ನಡೆದುಹೋಗ್ಲಿ, ಎಲ್ಲರ ಬಾಯಿ ಮುಚ್ಚುತ್ತೆ. ನಡೆಯೋದಿಲ್ಲ ಅಂದ್ರೆ ನೀವು ಸ್ವಲ್ಪ ದಿನ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ನಾನು ಹೇಳ್ತಿರೋದು ನಿಮ್ಮ ಒಳ್ಳೇದಕ್ಕೇ."

"ಆಯ್ತು ಅಯ್ಯನವರೇ," ಎಂದ. ತಿರುಪನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು ಬಿಗಿ ಮಾಡಿದ. ಪಾದ್ರಿ ಹಾಕಿಕೊಂಡು ನೋಡಿ, ಕಡ್ಡಿ ಮಡಚಲು ಬರುತ್ತಿಲ್ಲ ಎಂದು ಹೇಳಲು ಬಾಯಿ ತೆರೆದು, ಅವನ ಮುಖದಲ್ಲಿ ಏನನ್ನೋ ನೋಡಿದವರಂತೆ ಹೊರಟರು. ಇಷ್ಟು ಸಣ್ಣ ಸೇಡಿಗೆ ತನ್ನ ಮೈ ಬೆಚ್ಚಗಾದದ್ದು ಅವನ ಗಮನಕ್ಕೆ ಬಂತು. ಇವರೇ ಮಗನ ಶವದ ಮುಂದೆ ನಿಂತು ಮಾತಾಡಿದ್ದು. ಸಭೆಗೆ ಬಾರದವನ ಬಗ್ಗೆ ಏನು ಹೇಳುವುದೆಂದು ತಿಳಿಯದೆ, ಶ್ರಮಜೀವಿ, ಸ್ನೇಹಜೀವಿ ಎಂದೆಲ್ಲ ಎರಡೇ ನಿಮಿಷದಲ್ಲಿ ಮುಗಿಸಿದ್ದು. ಪರಲೋಕದ ಮಾತನ್ನು ಎತ್ತಲೇ ಇಲ್ಲ. ಬೇರೆ ಯಾರೂ ಗಮನಿಸಿರಲಿಕ್ಕಿಲ್ಲ, ಅವನು ಗಮನಿಸಿದ್ದ.

ಮಗ ಮೀಸೆ ಮೂಡಿದಾಗಿನಿಂದಲೇ ಸಭೆಗೆ ಬರುವುದನ್ನು ಬಿಟ್ಟಿದ್ದ. ಜಗಳವಾಡಿ ಬಿಟ್ಟದ್ದಲ್ಲ, ಚಿಕ್ಕದಾದ ಅಂಗಿಯನ್ನು ಬಿಡುವ ಹಾಗೆ ಬಿಟ್ಟಿದ್ದ. ಅದೇ ಹೆಚ್ಚು ಉರಿಯುತ್ತಿತ್ತು. ಊಟದ ಮೇಜಿನ ಮುಂದೆ ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುವಾಗ ಮಗ ಕಣ್ಣು ತೆರೆದೇ ಕೂತಿರುತ್ತಿದ್ದ, ಅದು ಮುಚ್ಚಿದ ರೆಪ್ಪೆಯ ಒಳಗಿನಿಂದಲೂ ಕಾಣುತ್ತಿತ್ತು. "ನಿಮ್ಮ ದೇವರು ಬೇಕಾದ್ರೆ ನಾನು ಕೆಲಸ ಮಾಡೋ ಜಾಗಕ್ಕೆ ಬರ್ಲಿ ಅಪ್ಪ, ಅಲ್ಲೇ ಇರ್ತೀನಿ, ಎಲ್ಲೂ ಓಡಿಹೋಗಲ್ಲ," ಎಂದು ನಕ್ಕಿದ್ದ ಒಮ್ಮೆ. ಸತ್ತ ದಿನ ಗೊತ್ತಾಗುತ್ತೆ ನಿನಗೆ, ಎಂದಿದ್ದ ಅವನು. ಸಿಟ್ಟಿನಲ್ಲಿ ಎಲ್ಲ ತಂದೆಯರೂ ಆಡುವ ಮಾತು, ಅಂಥದ್ದೇನಲ್ಲ; ಆದರೆ ಆ ದಿನ ಬಂದುಬಿಟ್ಟಿತು, ಮತ್ತು ಮಗನಿಗೆ ಏನು ಗೊತ್ತಾಯಿತೋ ಅವನಿಗೆ ತಿಳಿಯಲಿಲ್ಲ. ಮನುಷ್ಯನಿಗೆ ಸಾವು ಒಂದೇ ಸಲ, ಆಮೇಲೆ ನ್ಯಾಯತೀರ್ಪು. ಇದನ್ನು ಅವನು ನಂಬಿದ್ದ, ಹಲ್ಲು ಕಚ್ಚಿ ನಂಬಿದ್ದ. ನಂಬಿದ್ದರಿಂದಲೇ ಮಗನ ಪರವಾಗಿ ಹೇಳಲು ಏನಿದೆ ಎಂದು ರಾತ್ರಿಹಗಲೂ ತಡಕಾಡುತ್ತಿದ್ದ. ಇದ್ದದ್ದು ಒಂದೇ: ನೀರು.

ಮಗ ಹುಟ್ಟಿದ್ದು ಅದೇ ಮನೆಯ ಹಿಂದಿನ ಕೋಣೆಯಲ್ಲಿ, ದಿನ ತುಂಬುವ ಮೊದಲೇ, ಮೈಯೆಲ್ಲ ನೀಲಿಗಟ್ಟಿಕೊಂಡು. ಹೆಂಡತಿಗೆ ಪ್ರಜ್ಞೆ ಇರಲಿಲ್ಲ. ಸೂಲಗಿತ್ತಿ ಕೂಸನ್ನು ತಿರುಗಿಸಿ ನೋಡಿ, ಇದು ನಿಲ್ಲೋದಿಲ್ಲ, ತಾಯನ್ನಾದರೂ ಉಳಿಸೋಣ ಎಂದು ಡಾಕ್ಟರನ್ನು ಕರೆಯಲು ಓಡಿದ್ದಳು. ಪಾದ್ರಿಯನ್ನು ಕರೆತರಲು ವೇಳೆಯಿಲ್ಲದಾಗ ವಿಶ್ವಾಸಿ ಯಾರಾದರೂ ದೀಕ್ಷಾಸ್ನಾನ ಕೊಡಬಹುದು ಎಂಬುದು ಅವನಿಗೆ ಗೊತ್ತಿತ್ತು. ಲೋಟದಲ್ಲಿ ನೀರು ತಂದು, ಅಂಗೈಯಷ್ಟಿದ್ದ ಆ ತಲೆಯ ಮೇಲೆ ಮೂರು ಸಲ ಸುರಿದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದಿದ್ದ. ಕೂಸು ಬಿಕ್ಕಿ, ಕೆಂಪಾಗಿ, ಕಿರುಚಿ ಬದುಕಿಕೊಂಡಿತು. ಮುಂದಿನ ಭಾನುವಾರ ಆಗಿನ ಪಾದ್ರಿ ಅವನ ಮಾತಿನ ಮೇಲೆಯೇ ಕೂಸನ್ನು ಸಭೆಗೆ ಸೇರಿಸಿಕೊಂಡರು. ಮಗನಿಗೆ ದೇವರ ಮನೆಯಲ್ಲಿದ್ದ ಹಕ್ಕೆಂದರೆ ಅದಿಷ್ಟೇ. ಅದನ್ನು ಕೊಟ್ಟವನು ತಾನು, ಕಂಡವನೂ ತಾನೊಬ್ಬನೇ.

ಮಧ್ಯಾಹ್ನ ಊಟಕ್ಕೆ ಹೋದಾಗ ಅವಳು ಮಗುವಿಗೆ ಮೊಟ್ಟೆ ಬಿಡಿಸಿ ತಿನ್ನಿಸುತ್ತಿದ್ದಳು, ಮಗನ ತಟ್ಟೆಯಲ್ಲಿ. ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ತಟ್ಟೆಯನ್ನು ಕಂಡದ್ದೇ ತಡ, ಅವನ ಬಾಯಿಗೆ ಊಟಕ್ಕಿಂತ ಮೊದಲು ಮಾತು ಬಂತು.

"ಬೆಳಿಗ್ಗೆ ಪಾದ್ರಿ ಅಂಗಡಿಗೆ ಬಂದಿದ್ರು. ನಿನ್ನ ಹೊಸ ಸುವಾರ್ತೆ ಹೇಳಿ ನಕ್ಕರು."

"ನಗ್ಲಿ. ಹಳೇದು ಹೇಳಿದವರನ್ನ ನೋಡಿಯೂ ನಕ್ಕಿದ್ರು."

"ನಾಲಗೆ ಬಿಗಿ ಹಿಡಿ. ಸಾವು ಒಂದೇ ಸಲ ಅಂತ ಬರೆದಿದೆ. ಓದಿಲ್ವಾ ನೀನು?"

"ಲಾಜರ ಎಷ್ಟು ಸಲ ಸತ್ತ?"

ಮಗಳು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ನಗುವೋ ದುಃಖವೋ ಅವನಿಗೆ ತಿಳಿಯಲಿಲ್ಲ. "ಅವನನ್ನ ಗೋರಿಯಿಂದ ಎಬ್ಬಿಸಿದ್ದು ಕರ್ತನ ಅದ್ಭುತ," ಎಂದ. "ಇದೂ ಅವನದ್ದೇ," ಎಂದಳು ಹೆಂಡತಿ, ಮೊಟ್ಟೆಯ ಇನ್ನೊಂದು ತುಂಡು ಮುರಿಯುತ್ತ. "ಹಳೇ ಪ್ರವಾದಿ ಎಲೀಯ ತಿರುಗಿ ಬರ್ಬೇಕಾಗಿತ್ತು, ಯೋಹಾನನಾಗಿ ಬಂದ ಅಂತ ಕರ್ತನ ಬಾಯಲ್ಲೇ ಬಂದಿದೆ. ನೀವೇ ಓದಿದ್ದು. ನಾನು ಕೇಳಿದ್ದು."

"ನೀನು ಎಲೀಯನೋ ಅಂತ ಯೋಹಾನನನ್ನೇ ಕೇಳಿದ್ರು. ಅಲ್ಲ ಅಂದ. ಅದನ್ನೂ ನಾನೇ ಓದಿದ್ದು. ಆಗ ನಿದ್ದೆ ಮಾಡ್ತಿದ್ಯಾ?"

"ಅವನಿಗೆ ಮರೆತಿತ್ತು. ಬಂದವರಿಗೆಲ್ಲ ಪೂರ್ತಿ ನೆನಪಿರುತ್ತಾ? ಹುಟ್ಟುಕುರುಡನ ಕಥೆ ತಗೊಳ್ಳಿ. ಇವನು ಪಾಪ ಮಾಡಿ ಕುರುಡನಾದನಾ, ಇವನ ತಾಯಿ ತಂದೆ ಮಾಡಿದ್ರಾ ಅಂತ ಶಿಷ್ಯರು ಕೇಳಿದ್ರು. ಹುಟ್ಟುವಾಗಲೇ ಕುರುಡ, ಹಾಗಿದ್ರೆ ಪಾಪ ಮಾಡಿದ್ದು ಯಾವಾಗ? ಏನು ಹುಚ್ಚುಮಾತು ಅಂತ ಕರ್ತ ಬೈದನಾ? ಬೈಲಿಲ್ಲ."

"ಎರಡೂ ಅಲ್ಲ ಅಂದ!"

"ಬೈಲಿಲ್ಲ," ಎಂದಳು ಅವಳು ಮತ್ತೆ. ದಿನಾ ಸಂಜೆ ಅವನು ದೀಪದ ಕೆಳಗೆ ಗಟ್ಟಿಯಾಗಿ ಓದುತ್ತಿದ್ದಾಗ ಅವಳು ಎದುರಿಗೆ ಕೂತು ಗುಂಡಿ ಹೊಲಿಯುತ್ತಿದ್ದಳು, ತೇಪೆ ಹಾಕುತ್ತಿದ್ದಳು. ಕೇಳುತ್ತಿದ್ದಾಳೆ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಈಗ ನೋಡಿದರೆ ಒಂದು ಮಾತನ್ನೂ ಕೆಳಗೆ ಬೀಳಲು ಬಿಟ್ಟಿರಲಿಲ್ಲ. ಎಲ್ಲವನ್ನೂ ಹೆಕ್ಕಿ ಇಟ್ಟುಕೊಂಡು ಈಗ ಅವನ ಮುಖಕ್ಕೇ ಎಸೆಯುತ್ತಿದ್ದಳು.

"ಇಬ್ರೂ ನಿಲ್ಸಿ," ಎಂದಳು ಮಗಳು. "ಮಗು ನನ್ನದು. ನಾಳೆ ನಾನು ಕರ್ಕೊಂಡು ಹೋಗ್ತೀನಿ, ಸ್ನಾನ ಆಗುತ್ತೆ, ಮುಗೀತು."

"ಹೆತ್ತಿದ್ದು ನೀನು, ಇಲ್ಲ ಅಂದೋರ್ಯಾರು. ಬಂದಿರೋನು ನನ್ನ ಮಗ. ನೀನು ಕರ್ಕೊಂಡು ಹೋದ್ರೆ ಎಲ್ಲರ ಮುಂದೆ ಎದ್ದು ನಿಂತು, ಇವನಿಗೆ ಆಗಿದೆ ಅಂತ ಕೂಗಿ ಹೇಳ್ತೀನಿ."

ಮಗಳ ಕೈ ನಿಂತಿತು. "ಅವನು ಬಂದಿದ್ದಾನೆ ಅಂದ್ರೆ ನನ್ನ ಮಗಳು ಎಲ್ಲಿ ಅಮ್ಮ?" ಎಂದಳು, ಬಹಳ ಮೆಲ್ಲಗೆ. "ಮೂರು ವರ್ಷದಿಂದ ನಾನು ಸಾಕ್ತಿರೋದು ಯಾರನ್ನ?" ಹೆಂಡತಿ ಮಗುವಿನ ಬಾಯಿ ಒರೆಸಿದಳು. ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮಗು ಒಳಗಿನಿಂದ, "ಅಮ್ಮಾ, ಮೊಟ್ಟೆ," ಎಂದು ಕೂಗಿತು. ಯಾವ ಅಮ್ಮನನ್ನು ಕೂಗಿತೋ. ಹೆಂಡತಿ ತಟ್ಟೆ ಹಿಡಿದುಕೊಂಡು ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ ನಿಂತಳು. ಆ ನಿಲುವನ್ನು ನೋಡಿ ಅವನಿಗೆ ಕರುಣೆ ಬರಬೇಕಾಗಿತ್ತು. ಬಂದದ್ದು ಬೇರೆಯೇ. ಇವಳನ್ನು ಬೀಳಿಸಬೇಕು. ಒಂದೇ ಏಟಿಗೆ, ಮತ್ತೆ ಏಳದ ಹಾಗೆ. ಬಿದ್ದು ತನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಮತ್ತೆ ಅಳಬೇಕು, ಆ ಮೊದಲ ವರ್ಷದ ಹಾಗೆ.

"ಅವನಿಗೆ ಸ್ನಾನ ಆಗಿರಲಿಲ್ಲ," ಎಂದ.

"ಏನು?"

"ಅವತ್ತು ನಾನು ನೀರು ಸುರಿದೆ, ಅಷ್ಟೇ. ಮಾತು ಬರಲಿಲ್ಲ. ಹಲ್ಲು ಕಟಕಟ ಅಂತಿತ್ತು, ನಾಲಗೆ ಏಳಲಿಲ್ಲ. ಮಾತಿಲ್ಲದೆ ನೀರು ಬರೀ ನೀರು. ಆಮೇಲೆ ಅಯ್ಯನವರು ಕೇಳಿದಾಗ ಹೂಂ ಅಂದುಬಿಟ್ಟೆ. ಈಗ ಹೇಳು, ನಾಳೆ ಕೊಟ್ರೆ ಎರಡನೇದು ಹೇಗಾಗುತ್ತೆ?"

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ಅವನಿಗೆ ಗೊತ್ತಿರಲಿಲ್ಲ. ಹಲ್ಲು ಕಟಕಟ ಎಂದದ್ದು ಎಲ್ಲಿಂದ ಬಂತು? ಯೋಚಿಸಿರಲಿಲ್ಲ, ತಾನಾಗಿಯೇ ಬಂತು. ಹೆಂಡತಿ ತಿರುಗಿದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವಳ ಗದ್ದ ನಡುಗತೊಡಗಿತು, ಕಣ್ಣು ತುಂಬಿತು. ಬಂತು, ಬಂತು ಎಂದುಕೊಂಡ ಅವನು. ಅವಳ ಕಡೆ ಕೈ ಚಾಚಲು ಎದ್ದೂ ಬಿಟ್ಟಿದ್ದ.

"ಅದಕ್ಕೇ ಬಂದಿದ್ದಾನೆ!" ಎಂದಳು ಅವಳು.

ಅವಳ ಮುಖದ ತುಂಬ ಬೆಳಕಿತ್ತು. "ಅಯ್ಯೋ ಕಂದಾ, ಅದಕ್ಕೇನಾ ನೀನು ಬಂದಿದ್ದು! ಇಷ್ಟು ದಿನ ಯಾಕೆ ಯಾಕೆ ಅಂತ ಕೇಳ್ಕೊಳ್ತಿದ್ದೆ ನಾನು. ಹಾಗೇ ಹೋಗೋಕಾಗದೆ ತಿರುಗಿ ಬಂದಿದ್ದಾನೆ. ನಾನು ಪಾಪಿ ಬಾಗಿಲಿಗೆ ಅಡ್ಡ ಕೂತಿದ್ದೆನಲ್ಲಾ!" ಕಣ್ಣೊರೆಸಿಕೊಂಡು ಅವಳು ಅವನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು, ಕ್ಷಮೆ. "ಹೋಗ್ಲಿ ಬಿಡಿ. ಈಗಲಾದ್ರೂ ಹೇಳಿದ್ರಲ್ಲ. ಬೆಳಿಗ್ಗೆ ಬೇಗ ಏಳ್ಬೇಕು. ಬಿಳೀ ಬಟ್ಟೆಗೆ ಇಸ್ತ್ರಿ ಹಾಕ್ಬೇಕು." ಬಾಗಿಲ ಬಳಿ ಹೋಗಿ ಮಗಳನ್ನು ಕರೆದು, ನಾಳೆ ಆಗಲಿ ಕಣೇ, ಆಗಲೇಬೇಕು, ಎಂದು ಸಾರಿದಳು.

ಅಂಗಡಿಗೆ ಮರಳಿ ಬಂದು ಅವನು ಸಾಣೆ ಚಕ್ರದ ಮುಂದೆ ಕೂತ. ಗೆದ್ದಾಗಿತ್ತು. ನಾಳೆ ಮುಂದಿನ ಬೆಂಚಿನಲ್ಲೇ ಕೂರಬಹುದು. ಗಾಜಿನ ಅಂಚು ಚಕ್ರಕ್ಕೆ ತಾಗಿ ಕಿರುಗುಟ್ಟುತ್ತಿತ್ತು. ಸುಳ್ಳು ಸುಳ್ಳೇ, ನಾನು ಮಾತು ಹೇಳಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು, ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಂಡ. ನೀಲಿ ತಲೆ ಬಂತು. ಲೋಟ ಬಂತು, ಲೋಟದ ಅಂಚಿನ ನೆಗ್ಗು ಬಂತು. ಕಿವಿಯ ಹಿಂದಿನಿಂದ ಇಳಿದು ಹಾಸಿಗೆಯ ಬಟ್ಟೆಯಲ್ಲಿ ಇಂಗಿದ ನೀರು ಬಂತು. ದನಿ ಬರಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದ. ಬಾಯಿ ಅಲುಗಾಡುತ್ತಿದ್ದುದು ನೆನಪಿತ್ತು, ಅಥವಾ ನಡುಗುತ್ತಿತ್ತೋ. ಇಷ್ಟು ವರ್ಷ ಕೇಳುತ್ತಿದ್ದ ಆ ಮಾತು ಅವತ್ತಿನದೋ, ಆಮೇಲೆ ಪಾದ್ರಿಗೂ ಹೆಂಡತಿಗೂ ಬಂಧುಗಳಿಗೂ ಹೇಳಿ ಹೇಳಿ ಕಿವಿಯಲ್ಲಿ ಉಳಿದದ್ದೋ? ಹಲ್ಲು ಮಾತ್ರ ಈಗ ಸ್ಪಷ್ಟವಾಗಿ ಕಟಕಟ ಎನ್ನುತ್ತಿತ್ತು. ಒಬ್ಬ ಗಿರಾಕಿ ಬಂದು ನಿಂತು, ಕೆಮ್ಮಿ, ಹೊರಟುಹೋದ. ಬೆರಳ ತುದಿ ಉರಿದಾಗ ನೋಡಿದರೆ ಗಾಜು ಅರ್ಧಕ್ಕೆ ಸವೆದಿತ್ತು.

ಭಾನುವಾರ ಸಭೆ ತುಂಬಿತ್ತು. ಜನ ತಮಾಷೆ ನೋಡಲು ಬಂದಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಅವರಿಗೆ ತಮಾಷೆ ಸಿಗಲಿಲ್ಲ. ಹೆಂಡತಿಯೇ ಮಗುವಿನ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು, ಗಾಡಿ ತಪ್ಪಿಹೋಗುತ್ತದೆ ಎನ್ನುವವಳ ಅವಸರದಲ್ಲಿ. ಮಗಳು ಹಿಂದೆ ಹಿಂದೆ, ಯಾರದೋ ಮಗುವಿನ ಕಾರ್ಯಕ್ಕೆ ಬಂದವಳ ಹಾಗೆ. ಮಗುವನ್ನು ಎತ್ತಿಕೊಳ್ಳಲು ಪಾದ್ರಿ ಅವನಿಗೇ ಹೇಳಿದರು, "ಬನ್ನಿ ಹಿರಿಯರೇ, ನಿಮ್ಮ ಕೈಯಿಂದಲೇ ಆಗಲಿ," ಎಂದು, ಸೋತವನನ್ನು ಮೇಲೆತ್ತುವ ಉದಾರ ದನಿಯಲ್ಲಿ. ಮಗು ಅವನ ತೋಳಿಗೆ ಬರಲು ಒಪ್ಪದೆ ಬಿಗಿದುಕೊಂಡಿತು. ಅವನು ಬಲವಂತವಾಗಿ ಎತ್ತಿಕೊಂಡು ತೊಟ್ಟಿಯ ಮೇಲೆ ಬಾಗಿಸಿದ. ಪಾದ್ರಿ ಮೊದಲ ಬೊಗಸೆ ಸುರಿದರು. ಅವನ ತುಟಿ ಅಲುಗತೊಡಗಿತ್ತು. ಪಾದ್ರಿಯ ಜೊತೆಜೊತೆಗೆ, ಒಂದು ಮಾತನ್ನೂ ನುಂಗದೆ, ಪ್ರತಿ ಅಕ್ಷರವೂ ತನ್ನ ಕಿವಿಗೇ ಬೀಳುವ ಹಾಗೆ ಅವನು ಹೇಳುತ್ತಿದ್ದ: ತಂದೆಯ, ಮಗನ. ಯಾರಿಗಾಗಿ ಹೇಳುತ್ತಿದ್ದೇನೆ ಎಂದು ಮೂರನೆಯ ಬೊಗಸೆಗೆ ಅವನಿಗೆ ಅರ್ಥವಾಯಿತು. ಸಾವು ಒಂದೇ ಸಲ ಎಂಬುದು ನಿಜವಾದರೆ ಈ ನೀರು ಮಗನಿಗೆ ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಹೆಂಡತಿ ಹೇಳಿದ್ದೇ ನಿಜವಾಗಬೇಕು. ಒಂದೇ ಒಂದು ಸಲಕ್ಕೆ, ಈ ಒಂದು ಜೀವಕ್ಕೆ, ಕರ್ತನೇ.

ಪಕ್ಕದಲ್ಲಿ ಹೆಂಡತಿ, "ಆಯ್ತು ಕಂದಾ, ಆಯ್ತು, ಇನ್ನು ಹೋಗಬಹುದು ನೀನು," ಎನ್ನುತ್ತಿದ್ದಳು. ಮಗಳು ಅದನ್ನು ಕೇಳಿ ಬೆಚ್ಚಿ, ಮಗುವಿಗಾಗಿ ಕೈ ಚಾಚಿದಳು. ಅವನು ಕೊಡಲಿಲ್ಲ. ಮಗುವನ್ನು ಎತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದುಕೊಂಡ. ಹುಬ್ಬು ಅಳಿಯನದು. ಮೂಗು ಮಗಳದು. ಒದ್ದೆಯಾದ ರೆಪ್ಪೆಯ ಕೆಳಗೆ ಎರಡು ಕಣ್ಣು, ಅಜ್ಜನ ಹಾಗೆ ಕಾಣದ ಮುದುಕನೊಬ್ಬ ತನ್ನನ್ನು ಗಟ್ಟಿಯಾಗಿ ಹಿಡಿದಿದ್ದಾನೆ ಎಂಬ ಭಯ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮಗ ಎಲ್ಲೂ ಇರಲಿಲ್ಲ. "ಕೊಡಿ ಅಪ್ಪ," ಎಂದು ಮಗಳು ತೋಳು ಹಿಡಿದು ಎಳೆಯುತ್ತಿದ್ದಳು, ಮಗು ಕಿರುಚುತ್ತಿತ್ತು, ಬೆಂಚುಗಳಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಅವನು ಮಗುವಿನ ಮುಖವನ್ನು ಇನ್ನಷ್ಟು ಹತ್ತಿರಕ್ಕೆ ತಂದುಕೊಂಡು ಮತ್ತೆ ಹುಡುಕಿದ.